ದೊಡ್ಡ ನೀರು ಕೆಡುವುದಿಲ್ಲವೇ?

ಕರ್ಮಶಾಸ್ತ್ರದ ಗ್ರಂಥಗಳನ್ನು ತೆರೆದಾಗ ಮೊದಲು ಎದುರಾಗುವುದು ನೀರು. ನಮಾಝ್, ಝಕಾತ್, ಉಪವಾಸ, ಹಜ್ಜ್ ಇವೆಲ್ಲವೂ ಅನಂತರ. ನಮಾಝಿಗೆ ಮೊದಲು ಶುದ್ಧಿ, ಶುದ್ಧಿಗೆ ಮೊದಲು ನೀರು ಎಂಬ ಕ್ರಮದಲ್ಲಿ ನಮ್ಮ ಪೂರ್ವಿಕ ವಿದ್ವಾಂಸರು ಅಧ್ಯಾಯಗಳನ್ನು ಜೋಡಿಸಿದ್ದಾರೆ. ಈ ಗ್ರಂಥಗಳ ಮೊದಲ ಪುಟಗಳು ಸದಾ ಒದ್ದೆಯಾಗಿಯೇ ಇರುತ್ತವೆ ಎಂದು ನಮಗೆ ಕಲಿಸಿದ ಉಸ್ತಾದರು ನಗುತ್ತಾ ಹೇಳುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಆ ಒದ್ದೆ ಪುಟಗಳನ್ನು ನಾವೂ ಮಕ್ಕಳಿಗೆ ಓದಿಸುತ್ತಾ ಬಂದಿದ್ದೇವೆ.

ಅಲ್ಲಿರುವ ನಿಯಮ ಬಹುತೇಕ ಓದುಗರಿಗೆ ತಿಳಿದದ್ದೇ. ನೀರು ಅಲ್ಪವಾಗಿದ್ದರೆ ನಜಸ್ ಬಿದ್ದ ಕ್ಷಣವೇ ಅದು ಅಶುದ್ಧ. ನೀರು ಹೇರಳವಾಗಿದ್ದರೆ ಬಣ್ಣ, ರುಚಿ, ವಾಸನೆ ಈ ಮೂರರಲ್ಲಿ ಒಂದಾದರೂ ಬದಲಾಗುವವರೆಗೆ ಅದು ಶುದ್ಧ. ಹೇರಳವೆಂದರೆ ಎಷ್ಟು? ಶಾಫಿಈ ಮದ್‌ಹಬ್‌ನಲ್ಲಿ ಎರಡು ಕುಲ್ಲತ್, ಅಂದರೆ ಇಂದಿನ ಅಳತೆಯಲ್ಲಿ ಸುಮಾರು 200 ಲೀಟರ್. ಹನಫೀ ವಿದ್ವಾಂಸರಲ್ಲಿ ಪ್ರಸಿದ್ಧವಾದದ್ದು ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳ. ನಮ್ಮ ಹಳೆಯ ಮಸೀದಿಗಳ ಹೌಝ್‌ಗಳನ್ನು ಕಟ್ಟುವಾಗ ಹಿರಿಯರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಇಂತಹ ಲೆಕ್ಕಗಳನ್ನೇ.

ಒಂದು ಸಂಜೆ ಈ ಪಾಠ ಮುಗಿಯುವಾಗ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಉಸ್ತಾದ್, 200 ಲೀಟರ್ ನೀರೇ ಅಷ್ಟು ಸುಲಭದಲ್ಲಿ ಕೆಡುವುದಿಲ್ಲವೆಂದರೆ, ಆಚೆ ದಡ ಕಾಣದಷ್ಟು ದೊಡ್ಡ ಸರೋವರ ಯಾವತ್ತೂ ಕೆಡುವುದಿಲ್ಲ ಅಲ್ಲವೇ?” ಬಣ್ಣ, ರುಚಿ, ವಾಸನೆ ಬದಲಾದರೆ ಅದಕ್ಕೂ ಅದೇ ವಿಧಿ ಎಂದು ನಾವು ಹೇಳಿದೆವು. ಉತ್ತರ ಸರಿಯಾಗಿತ್ತು. ಹುಡುಗ ಒಪ್ಪಿ ತಲೆಯಾಡಿಸಿ ಚೀಲ ಹೆಗಲಿಗೇರಿಸಿದ. ಆದರೆ ಆ ಪ್ರಶ್ನೆಯ ಹಿಂದೆ ಇದ್ದ ವಿಶ್ವಾಸ ನಮ್ಮನ್ನು ಬಿಡಲಿಲ್ಲ. ದೊಡ್ಡದು ಕೆಡುವುದಿಲ್ಲ ಎಂಬ ವಿಶ್ವಾಸ ಆ ಬಾಲಕನದ್ದು ಮಾತ್ರವಲ್ಲ. ನಗರಗಳನ್ನು ಕಟ್ಟಿದವರದ್ದೂ ಕಾರ್ಖಾನೆ ನಡೆಸಿದವರದ್ದೂ ಹೊಲ ಉತ್ತವರದ್ದೂ ಅದೇ ವಿಶ್ವಾಸವಾಗಿತ್ತು.

ಉತ್ತರ ಅಮೆರಿಕದಲ್ಲಿ ಈರಿ ಎಂಬ ಸಿಹಿನೀರಿನ ಸರೋವರವಿದೆ. ಅದರ ಹರವು ಸುಮಾರು 25,700 ಚದರ ಕಿಲೋಮೀಟರ್; ನಮ್ಮ ಇಡೀ ಕರ್ನಾಟಕದ ಎಂಟರಲ್ಲೊಂದು ಭಾಗಕ್ಕಿಂತ ಹೆಚ್ಚು. ಕುಲ್ಲತ್‌ಗಳಲ್ಲಿ ಅದನ್ನು ಅಳೆಯಲು ಹೊರಟವನು ಲೆಕ್ಕ ಮುಗಿಸಲಾರ. ಅಂತಹ ನೀರನ್ನು 1960ರ ದಶಕದಲ್ಲಿ ಅಲ್ಲಿನ ಪತ್ರಿಕೆಗಳು ಸತ್ತ ಸರೋವರವೆಂದು ಕರೆದವು. ಅದಕ್ಕೆ ಸೇರುವ ಕಯಾಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ 1969ರಲ್ಲಿ ಕ್ಲೀವ್ಲೆಂಡ್ ನಗರದಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಹತ್ತುವುದು ಅಲ್ಲಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೋಡಿದ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಆದರೆ ಈರಿಯನ್ನು ಕೆಡಿಸಿದ ಮುಖ್ಯ ವಸ್ತು ನೋಡುವುದಕ್ಕೆ ಕೊಳಕೇ ಅಲ್ಲ. ಅದು ರಂಜಕ. ಬಟ್ಟೆ ಒಗೆಯುವ ಪುಡಿಯಲ್ಲಿ, ನಗರದ ಚರಂಡಿಯಲ್ಲಿ, ಹೊಲದ ಗೊಬ್ಬರದಲ್ಲಿ ಇರುವ ಈ ವಸ್ತು ಗಿಡಗಳಿಗೆ ಆಹಾರ. ನೆಲದಲ್ಲಿ ಪೈರನ್ನು ಬೆಳೆಸುವಂತೆ ನೀರಿನಲ್ಲಿ ಅದು ಪಾಚಿಯನ್ನು ಬೆಳೆಸುತ್ತದೆ. ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ, ಮೀನುಗಳಿಗೆ ಉಸಿರಿಲ್ಲದಂತಾಗುತ್ತದೆ. 1972ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಒಪ್ಪಂದ ಮಾಡಿಕೊಂಡು ಚರಂಡಿ ನೀರನ್ನು ಶುದ್ಧೀಕರಿಸಿದವು, ಒಗೆಯುವ ಪುಡಿಯಲ್ಲಿ ರಂಜಕವನ್ನು ತಗ್ಗಿಸಿದವು. ಸರೋವರ ಚೇತರಿಸಿಕೊಂಡಿತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೆಟ್ಟದ್ದು ಕೆಟ್ಟೇಹೋಯಿತು ಎಂದು ಕೈಚೆಲ್ಲುವವರಿಗೆ ಅದು ಉತ್ತರ. ಆದರೆ ಕೆಲವು ದಶಕಗಳಲ್ಲಿ ಪಾಚಿ ಮರಳಿ ಬಂತು. ಈ ಸಲ ದೊಡ್ಡ ಪಾಲು ಬಂದದ್ದು ಮೌಮಿ ನದಿ ಹೊತ್ತು ತರುವ ಹೊಲಗಳ ಗೊಬ್ಬರದಿಂದ. 2014ರ ಆಗಸ್ಟ್ ತಿಂಗಳಲ್ಲಿ ದಡದ ಟೊಲೆಡೊ ನಗರ ಮತ್ತು ಸುತ್ತಲಿನ ಸುಮಾರು 5 ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಬೇಡಿ ಎಂದು ಆಡಳಿತ ಎಚ್ಚರಿಸಿತು. ಕುದಿಸಲೂ ಬೇಡಿ ಎಂದಿತು. ಆ ಪಾಚಿಯ ವಿಷ ಕುದಿತಕ್ಕೆ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ಇಲ್ಲಿ ನಮ್ಮ ಒದ್ದೆ ಪುಟಗಳಿಗೆ ಮರಳಬೇಕಾಗುತ್ತದೆ. ಪಾಚಿಯಿಂದ ಬಣ್ಣ ಬದಲಾದ ನೀರಿನ ಬಗ್ಗೆ ಕರ್ಮಶಾಸ್ತ್ರ ಏನು ಹೇಳುತ್ತದೆ? ಅದು ಶುದ್ಧವೇ, ವುಝೂ ಮಾಡಲು ಯೋಗ್ಯವೇ ಎನ್ನುತ್ತದೆ. ಪಾಚಿ, ಕೆಸರು, ಬಹುಕಾಲ ನಿಂತದ್ದರಿಂದ ಬಂದ ವಾಸನೆ ಇವು ನೀರಿನ ಸಹಜ ಸಂಗಾತಿಗಳು. ಇವುಗಳಿಂದ ನೀರನ್ನು ಕಾಪಾಡುವುದು ಕಷ್ಟ. ಆದ್ದರಿಂದ ಜನರಿಗೆ ರಿಯಾಯಿತಿ. ಎಂತಹ ಕರುಣೆಯ ವಿಧಿ! ಬಾವಿಯ ಗೋಡೆಯ ಹಸಿರನ್ನು ಕಂಡು ಯಾವ ಬಡವನೂ ನಮಾಝ್ ಬಿಡಬಾರದೆಂದು ವಿದ್ವಾಂಸರು ಯೋಚಿಸಿದ್ದರು. ಆದರೆ ಆ ಪಾಚಿ ತಾನಾಗಿ ಬೆಳೆದದ್ದು. ಈರಿಯ ಪಾಚಿಯನ್ನು ಮನುಷ್ಯನು ಉಣಿಸಿ ಬೆಳೆಸಿದ್ದಾನೆ, ಅದು ವಿಷ ಕಕ್ಕುತ್ತದೆ. ಹೆಸರು ಒಂದೇ, ವಸ್ತು ಒಂದೇ ಅಲ್ಲ.

ಹಾಗೆಂದು ಹಿಂದಿನವರಿಗೆ ಆರೋಗ್ಯದ ಚಿಂತೆ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಶಾಫಿಈ ಗ್ರಂಥಗಳಲ್ಲಿ, ಬಿಸಿ ನಾಡುಗಳಲ್ಲಿ ಲೋಹದ ಪಾತ್ರೆಯಲ್ಲಿ ಬಿಸಿಲಿಗೆ ಕಾದ ನೀರನ್ನು ಮೈಗೆ ಬಳಸುವುದು ಕರಾಹತ್ ಎಂಬ ಮಾತಿದೆ. ಕಾರಣ ನಜಸ್ ಅಲ್ಲ, ಚರ್ಮರೋಗದ ಭಯ. ನೀರಿನ ಬಳಕೆಯಿಂದ ದೇಹಕ್ಕೆ ಹಾನಿಯಾಗುವುದು ಸ್ಪಷ್ಟವಾದರೆ ತಯಮ್ಮುಮ್‌ಗೆ ಅನುಮತಿಯಿದೆ ಎಂಬುದಂತೂ ಮಕ್ಕಳಿಗೂ ಗೊತ್ತು. ಅಂದರೆ ಶುದ್ಧವೇ ಎಂಬುದು ಒಂದು ಪ್ರಶ್ನೆ, ಹಾನಿಕರವೇ ಎಂಬುದು ಬೇರೊಂದು ಪ್ರಶ್ನೆ, ಎರಡಕ್ಕೂ ಗ್ರಂಥಗಳಲ್ಲಿ ಸ್ಥಳವಿದೆ. ನಾವು ಮುಫ್ತಿಗಳಲ್ಲ, ಫತ್ವಾ ಕೊಡುವ ಅಧಿಕಾರ ನಮಗಿಲ್ಲ. ಆದರೂ ಕಣ್ಣೆದುರು ಒಂದು ಚಿತ್ರ ನಿಲ್ಲುತ್ತದೆ: ಆಚೆ ದಡ ಕಾಣದ ಸಿಹಿನೀರಿನ ಮುಂದೆ ನಿಂತು ಮಣ್ಣಿಗೆ ಕೈಯೂರಿ ತಯಮ್ಮುಮ್ ಮಾಡುವ ಮನುಷ್ಯ. ಮರುಭೂಮಿಯ ಪ್ರಯಾಣಿಕನಿಗೆ ಸಿಕ್ಕಿದ್ದ ರಿಯಾಯಿತಿಯನ್ನು ಸರೋವರದ ದಡದಲ್ಲಿ ಬಳಸಬೇಕಾದ ಕಾಲ!

ಇದನ್ನು ಮಾಡಿದವರು ಯಾರೆಂದು ಹುಡುಕಿದರೆ ಒಬ್ಬ ಖಳನಾಯಕ ಸಿಗುವುದಿಲ್ಲ. ಸಾವಿರಾರು ರೈತರು ತಮ್ಮ ತಮ್ಮ ಹೊಲಕ್ಕೆ ಸ್ವಲ್ಪ ಹೆಚ್ಚು ಗೊಬ್ಬರ ಹಾಕಿದರು, ಅಷ್ಟೆ. ಹಡಗಿನ ಕೆಳ ಅಂತಸ್ತಿನಲ್ಲಿದ್ದವರ ಉಪಮೆಯನ್ನು ಪ್ರವಾದಿವರ್ಯರು(ಸ) ಹೇಳಿದ್ದನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಮೇಲಿನವರಿಗೆ ತೊಂದರೆ ಕೊಡದೆ ತಮ್ಮ ಪಾಲಿನ ಹಲಗೆಗೇ ತೂತು ಕೊರೆದು ನೀರು ಪಡೆಯೋಣ ಎಂದು ಅವರು ಯೋಚಿಸಿದ ಕಥೆ ಅದು. ಸಾಮಾನ್ಯವಾಗಿ ಪಾಪಗಳ ಕುರಿತಾದ ಉಪದೇಶಕ್ಕೆ ಈ ಹದೀಸ್ ಬಳಕೆಯಾಗುತ್ತದೆ. ಆದರೆ ಗಮನಿಸಿ: ಅವರು ಬಯಸಿದ್ದು ನೀರನ್ನು. ಅವರ ಉದ್ದೇಶದಲ್ಲಿ ದುಷ್ಟತನವಿರಲಿಲ್ಲ, ಇನ್ನೊಬ್ಬರಿಗೆ ತೊಂದರೆಯಾಗಬಾರದೆಂಬ ಸಜ್ಜನಿಕೆಯೂ ಇತ್ತು.

ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದೂ, ಜನರು ನೀರಿಗೆ ಬರುವ ತಾಣ, ನಡೆಯುವ ದಾರಿ ಮತ್ತು ನೆರಳನ್ನು ಮಲಿನಗೊಳಿಸುವುದು ಶಾಪಕ್ಕೆ ಕಾರಣವೆಂದೂ ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಒಬ್ಬ ಮನುಷ್ಯನ ಒಂದು ಕ್ಷಣದ ಕೃತ್ಯಕ್ಕೆ ಈ ಎಚ್ಚರಿಕೆ ಇದ್ದರೆ, ಒಂದು ನಗರದ ಚರಂಡಿಯ ಬಾಯಿಯನ್ನು ಸರೋವರದತ್ತ ತಿರುಗಿಸುವ ನಿರ್ಣಯಕ್ಕೆ ಏನೆನ್ನಬೇಕು? ಕನ್ನಡದ ಶಿಲಾಶಾಸನಗಳನ್ನು ಓದುತ್ತಿದ್ದ ಕಾಲೇಜು ದಿನಗಳಲ್ಲಿ, ದಾನವನ್ನು ಕೆಡಿಸಿದವನಿಗೆ ಹಾಕಿದ ಉಗ್ರ ಶಾಪಗಳನ್ನು ಕಂಡು ನಾವು ಸಹಪಾಠಿಗಳು ನಗುತ್ತಿದ್ದೆವು. ಆ ದಾನಗಳಲ್ಲಿ ಎಷ್ಟೋ ಕೆರೆಗಳಿಗೆ ಸಂಬಂಧಿಸಿದವು. ಸಾರ್ವಜನಿಕ ನೀರಿನ ವಿಷಯದಲ್ಲಿ ಈ ನೆಲದ ಹಿರಿಯರೂ ಅರಬ್ಬಿನ ಮಣ್ಣಿನ ಆ ಉಪದೇಶವೂ ಒಂದೇ ಬಗೆಯ ಗಂಭೀರತೆಯಿಂದ ಮಾತನಾಡುತ್ತವೆ.

ವುಝೂವಿನ ನೀರಿನ ಮಾತನ್ನೂ ಇಲ್ಲಿಯೇ ಮುಗಿಸಿಬಿಡೋಣ. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಅದು ಮುಕ್ಕಾಲು ಲೀಟರಿಗಿಂತ ಹೆಚ್ಚಿಲ್ಲ. ನಮ್ಮ ಮಕ್ಕಳಿಗೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿಸಿದೆವು. ತಲೆ ಸವರುವ ಹೊತ್ತಿಗೆ ಬಕೆಟ್ ಅರ್ಧ ದಾಟಿತ್ತು. ಈ ವಿಷಯದಲ್ಲಿ ಉಪದೇಶಕ್ಕಿಂತ ಬಕೆಟ್ ಒಳ್ಳೆಯ ಉಸ್ತಾದ್. ಆದರೆ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡ ಮಾತ್ರಕ್ಕೆ ಸರೋವರಗಳು ಉಳಿಯುತ್ತವೆ ಎನ್ನುವವರ ಜೊತೆ ನಾವಿಲ್ಲ. ಅವುಗಳ ಅಳಿವು ಉಳಿವನ್ನು ಹೆಚ್ಚಾಗಿ ನಿರ್ಣಯಿಸುವುದು ಗೊಬ್ಬರ, ಚರಂಡಿ, ಅಣೆಕಟ್ಟು, ಒತ್ತುವರಿ ಮತ್ತು ಹೂಳು.

ಒತ್ತುವರಿ ಮತ್ತು ಹೂಳಿನ ಕಥೆ ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಕಾಶ್ಮೀರದ ವುಲರ್ ಸರೋವರವಿದೆ. ಬಂಡೀಪೋರಾ ಮತ್ತು ಸೋಪೋರ್ ನಡುವೆ ಹರಡಿರುವ ಇದು ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲೊಂದು. ಝೇಲಂ ನದಿ ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆ ಸೋಪೋರ್‌ನತ್ತ ಹೊರಬೀಳುತ್ತದೆ. ನದಿ ಉಕ್ಕಿದಾಗ ಸರೋವರ ಹೆಚ್ಚುವರಿ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಬತ್ತಿದಾಗ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಂದು ಕಣಿವೆಗೆ ಅಲ್ಲಾಹನು ಕೊಟ್ಟ ಉಗ್ರಾಣವೆಂದೇ ಇದನ್ನು ಕರೆಯಬೇಕು. ಕಣಿವೆಯ ಮೀನಿನ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ತಾವರೆಯ ದಂಟಾದ ನದ್ರು, ನೀರಿನಲ್ಲಿ ಬೆಳೆಯುವ ಸಿಂಘಾಡಾ ಕಾಯಿ ಇವುಗಳಿಂದ ದಡದ ಸಾವಿರಾರು ಕುಟುಂಬಗಳ ಒಲೆ ಉರಿಯುತ್ತದೆ.

ಈ ಸರೋವರವನ್ನು ಮನುಷ್ಯರು ನೋಡಿಕೊಂಡ ಚರಿತ್ರೆ ದೀರ್ಘವಾದದ್ದು. ಒಂಬತ್ತನೆಯ ಶತಮಾನದಲ್ಲಿ ಅವಂತಿವರ್ಮನ ಕಾಲದ ಸುಯ್ಯ ಎಂಬ ಜಾಣನ ಕಥೆಯನ್ನು ಕಲ್ಹಣನ ರಾಜತರಂಗಿಣಿ ಹೇಳುತ್ತದೆ. ನದಿಗೆ ಬಂಡೆಗಳು ಬಿದ್ದು ಹರಿವು ಕಟ್ಟಿಕೊಂಡು ನೆರೆಯೂ ಕ್ಷಾಮವೂ ಬಂದಾಗ, ಸುಯ್ಯನು ರಾಜನ ಖಜಾನೆಯ ನಾಣ್ಯಗಳನ್ನು ತಂದು ನೀರಿಗೆ ಎಸೆದನಂತೆ. ಹುಚ್ಚನೆಂದು ಎಲ್ಲರೂ ನಕ್ಕರು. ಹಸಿದ ಜನರು ನಾಣ್ಯಕ್ಕಾಗಿ ನೀರಿಗಿಳಿದು ಕಲ್ಲುಗಳನ್ನು ಎತ್ತಿ ಎತ್ತಿ ಬದಿಗಿಟ್ಟರು, ನದಿ ಹರಿಯಿತು. ಸೋಪೋರ್ ಎಂಬ ಊರಿನ ಹೆಸರು ಅವನ ಹೆಸರಿನಿಂದಲೇ ಬಂದದ್ದು. ಅನಂತರ ಹದಿನೈದನೆಯ ಶತಮಾನದಲ್ಲಿ ಸುಲ್ತಾನ್ ಝೈನುಲ್ ಆಬಿದೀನ್, ಕಾಶ್ಮೀರಿಗಳು ಇಂದಿಗೂ ಪ್ರೀತಿಯಿಂದ ಬಡ್‌ಶಾಹ್ ಎನ್ನುವವರು, ವುಲರ್‌ನ ನೀರಿನಲ್ಲಿ ಝೈನಾ ಲಂಕ್ ಎಂಬ ದ್ವೀಪವನ್ನು ಕಟ್ಟಿಸಿದರು. ಬಿರುಗಾಳಿಗೆ ಸಿಕ್ಕ ದೋಣಿಗಾರರಿಗೆ ಆಸರೆಯಾಗಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಅಲ್ಲಿ ಮಸೀದಿಯೂ ಇತ್ತು, ಅದರ ಅವಶೇಷಗಳು ಈಗಲೂ ಇವೆ. ಆದರೆ ಮುಳುಗುವ ದೋಣಿಗೆ ಆಸರೆಯಾಗಬೇಕಿದ್ದ ದ್ವೀಪದ ಸುತ್ತ ಈಗ ಬೆಳೆಯುತ್ತಿರುವುದು ಹೂಳು.

1911ರಲ್ಲಿ ಸರೋವರದ ವಿಸ್ತೀರ್ಣ 157.74 ಚದರ ಕಿಲೋಮೀಟರ್ ಇದ್ದದ್ದು 2007ರ ಹೊತ್ತಿಗೆ 86.71ಕ್ಕೆ ಇಳಿದಿತ್ತೆಂದು ಪುನಶ್ಚೇತನ ಯೋಜನೆಗಾಗಿ ನಡೆದ ಅಧ್ಯಯನ ಲೆಕ್ಕಹಾಕಿತು. ಒಂದು ಶತಮಾನದೊಳಗೆ ನೂರಕ್ಕೆ 45 ಪಾಲು ಹೋಯಿತು. ಕಾಡು ಕಡಿದ ಬೆಟ್ಟಗಳಿಂದ ಮಣ್ಣು ಬಂತು. ಶ್ರೀನಗರದ ಚರಂಡಿಯನ್ನು ಝೇಲಂ ಹೊತ್ತು ತಂದಿತು. ಅಂಚಿನ ಜೌಗು ನೆಲವನ್ನು ಜನರು ಗದ್ದೆ ತೋಟಗಳನ್ನಾಗಿ ಮಾಡಿಕೊಂಡರು. ಇವೆಲ್ಲ ನಾವು ಊಹಿಸಬಹುದಾದ ಕಾರಣಗಳು. ಊಹಿಸಲಾಗದ ಒಂದು ಕಾರಣವಿದೆ: ಮರ ನೆಟ್ಟದ್ದು.

ಮಹಾರಾಜರ ಆಳ್ವಿಕೆಯ ಕಾಲದಿಂದ ಮೊದಲಾಗಿ ಸರೋವರದ ಅಂಚಿನಲ್ಲಿ ವಿಲ್ಲೋ ಮರಗಳ ತೋಪುಗಳನ್ನು ಬೆಳೆಸಲಾಯಿತು. ಚಳಿನಾಡಿಗೆ ಸೌದೆ ಬೇಕಿತ್ತು. ವಿಲ್ಲೋ ಒದ್ದೆ ನೆಲದಲ್ಲಿ ಬೇಗ ಬೆಳೆಯುತ್ತದೆ. ಆದರೆ ಅದರ ಬೇರುಗಳು ನದಿ ತಂದ ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ನಿಂತ ಮಣ್ಣು ನೆಲವಾಗುತ್ತದೆ, ಆ ನೆಲದಲ್ಲಿ ಇನ್ನೊಂದು ಸಾಲು ಮರ, ಅದರಾಚೆ ಮತ್ತೊಂದು ಸಾಲು. ಹೀಗೆ ತೋಪು ಹೆಜ್ಜೆ ಹೆಜ್ಜೆಯಾಗಿ ಸರೋವರದೊಳಕ್ಕೆ ನಡೆಯಿತು. ಕೊನೆಗೆ ಸರೋವರವನ್ನು ಉಳಿಸಬೇಕಾದರೆ 20 ಲಕ್ಷಕ್ಕೂ ಮಿಕ್ಕಿದ ಮರಗಳನ್ನು ತೆಗೆಯಬೇಕೆಂದು ಯೋಜನೆ ಹಾಕುವ ಸ್ಥಿತಿ ಬಂತು.

ಮರ ನೆಡುವವನಿಗೆ, ಅದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದಷ್ಟೂ ಸದಕದ ಪುಣ್ಯವಿದೆ ಎಂಬ ಹದೀಸನ್ನು ಪ್ರತಿ ಮಳೆಗಾಲದ ಆರಂಭದಲ್ಲಿ ನಾವು ಮಕ್ಕಳಿಗೆ ಹೇಳಿ ಸಸಿ ಕೊಡುತ್ತೇವೆ. ಮುಂದೆಯೂ ಕೊಡುತ್ತೇವೆ. ವುಲರ್‌ನ ಕಥೆ ಆ ಮಾತನ್ನು ಸುಳ್ಳು ಮಾಡುವುದಿಲ್ಲ. ಆದರೆ ಎಲ್ಲಿ ನೆಡಬೇಕು, ಯಾವುದನ್ನು ನೆಡಬೇಕು ಎಂಬ ಜ್ಞಾನವಿಲ್ಲದೆ ಸತ್ಕರ್ಮದ ಹೆಸರಷ್ಟೇ ಸಾಲದು ಎಂದು ಅದು ಹೇಳುತ್ತದೆ. ನೀರಿನ ಸುತ್ತ ‘ಹರೀಮ್’ ಎಂಬ ರಕ್ಷಿತ ಅಂಚು ಇರಬೇಕು, ಬಾವಿ ಕಾಲುವೆಗಳ ಪಕ್ಕದ ಆ ನೆಲವನ್ನು ಯಾರೂ ತನ್ನದಾಗಿ ಮಾಡಿಕೊಳ್ಳಬಾರದು ಎಂದು ಕರ್ಮಶಾಸ್ತ್ರ ವಿಧಿಸಿದೆ. ಪಾಳುಭೂಮಿಯನ್ನು ಹಸನು ಮಾಡಿದವನಿಗೆ ಅದು ಸಲ್ಲುತ್ತದೆ ಎಂದು ಹೇಳುವ ಅದೇ ಅಧ್ಯಾಯ ಹರೀಮಿಗೆ ಆ ಹಕ್ಕನ್ನು ನಿರಾಕರಿಸುತ್ತದೆ. ಈ ಅಧ್ಯಾಯ ಗ್ರಂಥದ ನಡುವೆಲ್ಲೋ ಇದೆ. ಅಲ್ಲಿಯವರೆಗೆ ಬರುವಷ್ಟರಲ್ಲಿ ನಮ್ಮ ಬಹುತೇಕ ವಿದ್ಯಾರ್ಥಿಗಳು ಮದ್ರಸ ಮುಗಿಸಿ ಹೊರಟಿರುತ್ತಾರೆ. ಅದನ್ನು ಮೊದಲ ಪುಟಗಳ ಜೊತೆಗೇ ಕಲಿಸಬೇಕೆಂಬುದು ಈಗ ನಮ್ಮ ದೃಢ ಅಭಿಪ್ರಾಯ.

2014ರ ಸೆಪ್ಟೆಂಬರ್‌ನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿದಾಗ ಉಗ್ರಾಣ ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಅಂದು ಸುರಿದ ಮಳೆ ಅಸಾಧಾರಣವಾಗಿತ್ತು, ವುಲರ್ ಪೂರ್ಣವಾಗಿದ್ದರೂ ಪ್ರವಾಹ ಬರುತ್ತಿತ್ತು ಎನ್ನುವವರ ಮಾತನ್ನೂ ತಳ್ಳಿಹಾಕಲಾಗದು. ಆದರೆ ನೀರಿಗೆ ಹೋಗಲು ಜಾಗವಿಲ್ಲದಿದ್ದುದು ಹಾನಿಯನ್ನು ಹೆಚ್ಚಿಸಿತೆಂದು ತಜ್ಞರು ಹೇಳಿದರು. ಅದೇ ವರ್ಷ, ಒಂದೇ ತಿಂಗಳ ಅಂತರದಲ್ಲಿ, ಟೊಲೆಡೊದಲ್ಲಿ ನೀರಿದ್ದೂ ಕುಡಿಯಲಾಗದ ಜನ, ಶ್ರೀನಗರದಲ್ಲಿ ಮನೆಯ ಮಾಳಿಗೆ ಏರಿ ಕುಳಿತ ಜನ.

ಮರ ತೆಗೆಯುವುದೆಂದರೆ ಸುಲಭವೂ ಅಲ್ಲ, ಎಲ್ಲರಿಗೂ ಹಿತವೂ ಅಲ್ಲ. ಸೌದೆಗೆ, ಪೆಟ್ಟಿಗೆಗೆ, ಮೇವಿಗೆ ಆ ತೋಪನ್ನು ನಂಬಿಕೊಂಡವರೂ ಬಡವರೇ. ಮೀನನ್ನು ನಂಬಿದವರೂ ಬಡವರೇ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಪ್ರವಾದಿ ವಚನವನ್ನು ಓದುವಾಗ ಪಾಲು ಕೇಳುವುದೇ ನಮಗೆ ನೆನಪಾಗುತ್ತದೆ. ವುಲರ್‌ನಲ್ಲಿ ನೀರಿನ ಪಾಲುದಾರನೂ ಸೌದೆಯ ಪಾಲುದಾರನೂ ಎದುರುಬದುರು ನಿಂತಿದ್ದಾರೆ. ಇಂತಲ್ಲಿ ನ್ಯಾಯ ಮಾಡುವವನು ಇಬ್ಬರ ಮನೆಯ ಒಲೆಯನ್ನೂ ನೋಡಬೇಕಾಗುತ್ತದೆ.

ನಿಧಾನವಾಗಿಯಾದರೂ ಕೆಲಸ ನಡೆದಿದೆ. ಸರೋವರಕ್ಕಾಗಿಯೇ ಒಂದು ಪ್ರಾಧಿಕಾರ ರಚನೆಯಾಗಿ ಮರಗಳನ್ನು ತೆಗೆಸುವುದು, ಹೂಳೆತ್ತುವುದು ಆರಂಭವಾಯಿತು. ಎತ್ತಿದ್ದು ಎತ್ತಬೇಕಾದುದರ ಒಂದು ಭಾಗ ಮಾತ್ರ. ಝೇಲಂ ಇಂದಿಗೂ ಮಣ್ಣು ತರುತ್ತಿದೆ, ಊರುಗಳ ಕಸವನ್ನೂ ತರುತ್ತಿದೆ.

1992ರ ಪ್ರವಾಹದ ಹೂಳು ವುಲರ್‌ನ ತಾವರೆಗಳನ್ನು ಮುಚ್ಚಿಹಾಕಿತ್ತು. ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹೂವಿಲ್ಲ, ನದ್ರುವೂ ಇಲ್ಲ. ನದ್ರು ಕೀಳುತ್ತಿದ್ದವರ ಮಕ್ಕಳು ಬೇರೆ ಕೂಲಿ ಹುಡುಕಿಕೊಂಡರು. ಹೂಳೆತ್ತಿದ ಮೇಲೆ, 2025ರ ಬೇಸಿಗೆಯಲ್ಲಿ, ಸರೋವರದ ಕೆಲವು ಭಾಗಗಳಲ್ಲಿ ಮತ್ತೆ ತಾವರೆಗಳು ಅರಳಿದವು. ಕೆಸರಿನ ಅಡಿಯಲ್ಲಿ ಬೀಜಗಳು ಅಷ್ಟು ಕಾಲವೂ ಜೀವ ಹಿಡಿದುಕೊಂಡಿದ್ದವು. ತಾವರೆ ನೋಡಿಯೇ ಇರದ ಹುಡುಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಹಿರಿಯರು ನೀರಿಗಿಳಿದಿರಬೇಕು. ನದ್ರುವನ್ನು ಕಣ್ಣಿಗೆ ಕಾಣದ ಕೆಸರಿನಿಂದ ಮುರಿಯದಂತೆ ಎಳೆಯುವುದು ಕೈಗೆ ಮಾತ್ರ ತಿಳಿಯುವ ವಿದ್ಯೆ, ಅದನ್ನು ಬಲ್ಲವರಿಗೆ ಈಗ ವಯಸ್ಸಾಗಿದೆ.